ಮರಲ್‌ಗೆ ಯಾವ ಕಳೆ ಒಳ್ಳೇದು?

ಹೋದ ವರ್ಷ ಆಗಸ್ಟ್ 15ರ ಲಾಂಗ್ ವೀಕೆಂಡಿಗೆ ಸುರಪುರದ ಬಸ್ಸು ಹತ್ತಿದಾಗ ನನ್ನ ಬ್ಯಾಗಿನಲ್ಲಿ ಲ್ಯಾಪ್‌ಟಾಪಿನ ಪಕ್ಕ ಒಂದು ರಬ್ಬರ್ ಕಪ್ಪೆ ಇತ್ತು. ಹಸಿರು ಬೆನ್ನು, ಹಳದಿ ಹೊಟ್ಟೆ, ಹಿಂದೆ ಎರಡು ಮೊನೆಯ ಗಾಳ. ಬೆಲೆ ಆರುನೂರು ರೂಪಾಯಿ. ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನ ಗೆಳೆಯನಿಗೆ ಅಮೆರಿಕದವರು ಬಾಸ್ ಮೀನು ಹಿಡಿಯುವ ವಿಡಿಯೋಗಳ ಹುಚ್ಚು. ಕಪ್ಪೆ ಕೊಡಿಸಿದ್ದು ಅವನೇ. "ನಿಮ್ಮ ಕಡೆ ಬಾಸ್ ಇಲ್ಲ, ಗೊತ್ತು. ಆದ್ರೆ ಸ್ನೇಕ್‌ಹೆಡ್ ಇದೆಯಲ್ಲ, ಅದೂ ಹಂಗೇ. ನೀರಲ್ಲಿ ಕಳೆ ಇರೋ ಕಡೆ ಹಾಕು. ಯಾವ ಕಳೆ ಬೆಸ್ಟ್ ಅಂತ ಕೇಳ್ಕೊಂಡು ಬಾ" ಅಂದಿದ್ದ.

ಸ್ನೇಕ್‌ಹೆಡ್ ಅಂದ್ರೆ ನಮ್ಮ ಮರಲ್. ಗಡಿಯಾಚೆ ತೆಲುಗಿನವರಿಗೆ ಕೊರಮೀನು. ತೆಲಂಗಾಣದ ರಾಜ್ಯ ಮೀನು ಅದೇ. ಮೃಗಶಿರಾ ಮಳೆಯ ಹೊತ್ತಿಗೆ ಹೈದರಾಬಾದಿನಲ್ಲಿ ಉಬ್ಬಸದವರಿಗೆ ಬಾಯಲ್ಲಿ ಔಷಧಿ ಇಟ್ಟು ಜೀವಂತ ನುಂಗಿಸುತ್ತಾರಲ್ಲ, ಆ ಮರಿಯೂ ಇದೇ ಮೀನಿನದು. ಹಾವಿನಂಥ ತಲೆ, ಉದ್ದ ಮೈ, ಬಾಯಿ ತುಂಬ ಹಲ್ಲು. ಕಿವಿರಿನ ಜೊತೆ ಗಾಳಿ ಉಸಿರಾಡುವ ಅಂಗವೂ ಇರುವುದರಿಂದ ಆಗಾಗ ನೀರಿನ ಮೇಲೆ ಬಂದು ಗುಟುಕು ಗಾಳಿ ಕುಡಿದು ಹೋಗುತ್ತದೆ. ಹಾಗಾಗಿಯೇ ಸಂತೆಯಲ್ಲಿ ಇದನ್ನು ಐಸ್ ಮೇಲೆ ಇಡಬೇಕಿಲ್ಲ, ಬಕೆಟ್ಟಿನಲ್ಲಿ ಜೀವಂತ ಇಟ್ಟುಕೊಂಡೇ ಮಾರುತ್ತಾರೆ.

ಕಾಕಾ ಕಪ್ಪೆಯನ್ನು ಅಂಗೈಯಲ್ಲಿಟ್ಟು ಒತ್ತಿ ನೋಡಿದರು. "ಎಷ್ಟಕ್ಕ ತಂದಿ?"

"ಆರುನೂರು."

"ಆರುನೂರಕ್ಕ ಒಂದು ಕೆ.ಜಿ. ಮರಲೇ ಬರ್ತಿತ್ತಲ್ಲೋ ತಮ್ಮಾ! ಅದೂ ಶ್ರಾವಣದಾಗ ಮೀನ ಹಿಡೀಲಾಕ ಬಂದೀ. ಮನ್ಯಾಗ ಯಾರು ತಿಂತಾರ?"

"ತಿನ್ನಾಕಲ್ಲ ಕಾಕಾ, ಹಿಡಿದು ವಾಪಸ್ ಬಿಡ್ತೀನಿ."

"ಬಿಡಾದಿದ್ರ ಹಿಡಿಯಾದ್ಯಾಕ?"

ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಗೆಳೆಯನ ಪ್ರಶ್ನೆಯನ್ನೇ ದಾಟಿಸಿದೆ. ಮರಲ್‌ಗೆ ಯಾವ ಕಳೆ ಒಳ್ಳೇದು? ಕಾಕಾ ನಕ್ಕು, "ಹೋಗಿ ನೋಡ್ಕೊಂಡ ಬಾ, ಆಮ್ಯಾಲೆ ಹೇಳ್ತೀನಿ" ಅಂದರು. ಮೂರು ದಿನ ಮೂರು ನೀರು ನೋಡಿದೆ. ಬೆಂಗಳೂರಿಗೆ ವಾಪಸ್ ಬಂದ ಮೇಲೆ ಹಳೇ ಪುಸ್ತಕ, ಪ್ರಬಂಧಗಳನ್ನು ತಿರುವಿದೆ. ಪ್ರಶ್ನೆ ನಾನಂದುಕೊಂಡಿದ್ದಕ್ಕಿಂತ ಬಹಳ ಹಳೆಯದು ಅಂತ ಆಮೇಲೆ ಗೊತ್ತಾಯಿತು.

*

ಮೊದಲು ಬಾಸ್ ಮತ್ತು ಮರಲ್ ಯಾಕೆ ಒಂದೇ ಥರ ಅನ್ನೋದು. ಇವೆರಡಕ್ಕೂ ವಂಶದ ನಂಟು ಏನೂ ಇಲ್ಲ. ಕಸುಬು ಮಾತ್ರ ಒಂದೇ. ಎರಡೂ ಬೆನ್ನಟ್ಟಿ ಬೇಟೆಯಾಡುವುದಕ್ಕಿಂತ ಹೊಂಚು ಹಾಕುವುದೇ ಹೆಚ್ಚು. ಕಳೆಯ ನೆರಳಲ್ಲಿ ಅಲುಗಾಡದೆ ನಿಂತು, ಎದುರಿನ ತಿಳಿನೀರಿಗೆ ಕಪ್ಪೆಯೋ ಸಣ್ಣ ಮೀನೋ ಬಂದ ತಕ್ಷಣ ಎಗರುತ್ತವೆ. ಅಂದ ಮೇಲೆ ಅವಕ್ಕೆ ಬೇಕಾದದ್ದು ಕಳೆಯೂ ಹೌದು, ಕಳೆ ಮುಗಿಯುವ ಅಂಚೂ ಹೌದು. ಪೂರ್ತಿ ಬಯಲು ನೀರಾದರೆ ಅಡಗಲು ಜಾಗವಿಲ್ಲ. ಪೂರ್ತಿ ಕಳೆಯಾದರೆ ಎಗರಲು ಜಾಗವಿಲ್ಲ.

ಮರಲ್‌ಗೆ ಇನ್ನೂ ಒಂದು ಕಾರಣಕ್ಕೆ ಕಳೆ ಬೇಕು. ಮಳೆಗಾಲದಲ್ಲಿ ಗಂಡು ಹೆಣ್ಣು ಸೇರಿ ಕೆರೆಯ ಅಂಚಿನ ಆಳವಿಲ್ಲದ ನೀರಿನಲ್ಲಿ ಗಿಡಗಳನ್ನು ಸರಿಸಿ ತಟ್ಟೆಯಗಲ ಜಾಗ ಮಾಡಿಕೊಳ್ಳುತ್ತವೆ. ಮೊಟ್ಟೆ ಅಲ್ಲಿ ತೇಲುತ್ತದೆ. ಮರಿಗಳು ಹೊರಬಂದ ಮೇಲೆ ಕಿತ್ತಳೆ-ಕೆಂಪು ಬಣ್ಣದ ಮೋಡದ ಹಾಗೆ ಒಟ್ಟಾಗಿ ಈಜುತ್ತವೆ, ಕೆಳಗೆ ತಂದೆ-ತಾಯಿ ಕಾವಲಿರುತ್ತವೆ. ಅಂದರೆ ಕಳೆ ಇಲ್ಲದಿದ್ದರೆ ಮರಲ್‌ಗೆ ಬೇಟೆಯ ಜೊತೆ ಬಾಣಂತನದ ಮನೆಯೂ ಇಲ್ಲ.

*

ಗಾಳ ಹಾಕುವುದನ್ನು ಶೋಕಿ ಮಾಡಿದವರು ಇಂಗ್ಲಿಷರು ಅಂತ ನಾನು ಅಂದುಕೊಂಡಿದ್ದೆ. ಇಂಗ್ಲಿಷಿನಲ್ಲಿ ಗಾಳದ ಮೇಲೆ ಅಚ್ಚಾದ ಮೊದಲ ಬರಹ 1496ರದ್ದು. ಅದಕ್ಕೂ ಮುನ್ನೂರೈವತ್ತು ವರ್ಷ ಮೊದಲು, ಸುಮಾರು 1130ರ ಹೊತ್ತಿಗೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ 'ಮತ್ಸ್ಯವಿನೋದ' ಅಂತ ಒಂದು ಅಧ್ಯಾಯವನ್ನೇ ಬರೆದಿದ್ದಾನೆ. ಕಲ್ಯಾಣ ಅಂದರೆ ಇವತ್ತಿನ ಬಸವಕಲ್ಯಾಣ. ನಮ್ಮ ಸುರಪುರ, ಶಹಾಪುರದ ಸೀಮೆ ಅವನ ರಾಜ್ಯದೊಳಗೇ ಇತ್ತು. ಸುರಪುರ ತಾಲ್ಲೂಕಿನ ಯೇವೂರಿನಲ್ಲಿ ಅವನ ಅಪ್ಪ ಆರನೇ ವಿಕ್ರಮಾದಿತ್ಯನ ಕಾಲದ, 1077ರ ಶಾಸನ ಸಿಕ್ಕಿದೆ.

ಆ ಅಧ್ಯಾಯದಲ್ಲಿ ಸುಮಾರು ಮೂವತ್ತೈದು ಜಾತಿಯ ಮೀನುಗಳ ಹೆಸರಿವೆ. ಯಾವುದು ಸಮುದ್ರದ್ದು, ಯಾವುದು ಹೊಳೆಯದ್ದು, ಯಾವುದಕ್ಕೆ ಏನು ತಿನ್ನಿಸಬೇಕು, ದಾರ ಯಾವ ನಾರಿನದಿರಬೇಕು, ಕೋಲು ಹೇಗಿರಬೇಕು ಎಲ್ಲ ಇದೆ. 1951ರಲ್ಲಿ ಮೀನು ವಿಜ್ಞಾನಿ ಸುಂದರ್ ಲಾಲ್ ಹೋರಾ ಈ ಭಾಗವನ್ನು ಹೊರಗಿನ ವಿದ್ವಾಂಸರಿಗೆ ಪರಿಚಯಿಸಿದರು. ನನಗೆ ಹಿಡಿಸಿದ್ದು ಅದರ ಕ್ರಮ. ರಾಜ ನೇರ ಹೋಗಿ ಗಾಳ ಎಸೆಯುವುದಿಲ್ಲ. ಮೊದಲು ಜಾಗ ಗುರುತಿಸಿ, ಅಲ್ಲಿ ತಿನಿಸಿನ ಉಂಡೆಗಳನ್ನು ಹಾಕಿ ಮೀನಿಗೆ ಆ ಜಾಗದ ರೂಢಿ ಮಾಡಿಸಬೇಕು. ಗಾಳದ ಮಾತು ಆಮೇಲೆ. ಒಂಬೈನೂರು ವರ್ಷದ ಹಿಂದೆಯೂ ಪಾಠ ಅದೇ: ಸಾಮಾನಿಗಿಂತ ಜಾಗ ಮುಖ್ಯ.

ರಾಜನ ಪುಸ್ತಕದಲ್ಲಿ ಇಲ್ಲದವರು ಅಂಬಿಗರು, ಕಬ್ಬಲಿಗರು, ಕೋಲಿಗಳು. ಭೀಮಾ-ಕೃಷ್ಣೆಯ ದಂಡೆಯಲ್ಲಿ ಬಲೆ, ಗಾಳ, ಬುಟ್ಟಿ ಹಿಡಿದು ಬದುಕಿದವರು ಅವರು. ಅವರು ಬರೆದಿಡಲಿಲ್ಲ. ಕಾಕಾನ ಹಾಗೆ, ಕೇಳಿದರೆ "ಹೋಗಿ ನೋಡ್ಕೊಂಡ ಬಾ" ಅಂದಿರಬೇಕು.

*

ನಮ್ಮ ಕಡೆ ಮರಲ್‌ನ ಮನೆ ಹೊಳೆಗಿಂತ ಹೆಚ್ಚಾಗಿ ಕೆರೆ. ಕೆರೆ ಅಂದ ತಕ್ಷಣ ಸುರಪುರದವರ ಬಾಯಿಗೆ ಬರುವುದು ಬೋನಾಳ. 17ನೇ ಶತಮಾನದಲ್ಲಿ ಸುರಪುರದ ದೊರೆ ಪಾಮನಾಯಕನ ಕಾಲದಲ್ಲಿ ಕಟ್ಟಿಸಿದ್ದು ಅಂತ ಹೇಳುತ್ತಾರೆ. 1705ರಲ್ಲಿ ಪಕ್ಕದ ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಲು ಮುದುಕ ಔರಂಗಜೇಬ ತಾನೇ ಬಂದನಲ್ಲ, ಅವನನ್ನು ಎದುರಿಸಿ ನಿಂತದ್ದು ಇದೇ ಬೇಡ ನಾಯಕರ ಮನೆತನ. ಬಂಡೆಗಳ ನಡುವೆ ಯುದ್ಧ ಮಾಡಲು ಗೊತ್ತಿದ್ದವರಿಗೆ ಬಂಡೆಗಳ ನಡುವೆ ನೀರು ನಿಲ್ಲಿಸಲೂ ಗೊತ್ತಿತ್ತು.

ಆ ಕೆರೆಯನ್ನು 19ನೇ ಶತಮಾನದಲ್ಲಿ ಸುಧಾರಿಸಿದವನು ಫಿಲಿಪ್ ಮೆಡೋಸ್ ಟೇಲರ್. 1841ರಿಂದ 1853ರವರೆಗೆ ಅವನು ಸುರಪುರದಲ್ಲಿ ಪೊಲಿಟಿಕಲ್ ಏಜೆಂಟ್ ಆಗಿದ್ದ. ಬಾಲಕ ರಾಜ ವೆಂಕಟಪ್ಪ ನಾಯಕ ಅವನನ್ನು 'ಅಪ್ಪಾ' ಅಂತ ಕರೆಯುತ್ತಿದ್ದ. ಗುಡ್ಡದ ಮೇಲಿನ ಟೇಲರ್ ಮಂಜಿಲ್ ಇವತ್ತಿಗೂ ಇದೆ. 1858ರಲ್ಲಿ ಆ ರಾಜ ಬಂಡಾಯದ ಆರೋಪದ ಮೇಲೆ ಸೆರೆಯಾಗಿ, ಇಪ್ಪತ್ತನಾಲ್ಕರ ಆಸುಪಾಸಿನಲ್ಲೇ ತೀರಿಕೊಂಡ. ಸಂಸ್ಥಾನ ನಿಜಾಮನ ಪಾಲಾಯಿತು. ಊರಿನಲ್ಲಿ ಜನ ಇವತ್ತಿಗೂ ಹೇಳುವುದು ಆ ಕಥೆಯನ್ನೇ. ಆದರೆ ಅರಮನೆ ಹೋಯಿತು, ಆಳಿದವರು ಹೋದರು, ಉಳಿದು ಕೆಲಸ ಮಾಡುತ್ತಿರುವುದು ಕೆರೆ. ಬೋನಾಳ ಈಗ ಪಕ್ಷಿಧಾಮ. ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಅಲ್ಲಿ ನಾನು ಗಾಳ ಮುಟ್ಟಲಿಲ್ಲ, ಬರೀ ಕಳೆ ನೋಡಿದೆ.

ನೋಡಬೇಕಾದದ್ದು ಕೆರೆ ಕಟ್ಟಿದ ರೀತಿಯನ್ನೇ. ಏರಿಯ ಕಡೆ ಆಳ. ಹಿಂದಕ್ಕೆ ಹೋದ ಹಾಗೆ ನೀರು ತೆಳ್ಳಗಾಗುತ್ತ ಆಗುತ್ತ ಹೊಲದಲ್ಲಿ ಕರಗಿಹೋಗುತ್ತದೆ. ಆಳದಲ್ಲಿ ಬೆಳಕು ತಳ ಮುಟ್ಟದು, ಹಾಗಾಗಿ ಅಲ್ಲಿ ಬೇರೂರುವ ಕಳೆ ಕಡಿಮೆ. ಆಮೇಲೆ ತಾವರೆ, ನೈದಿಲೆ. ಅದರ ಹಿಂದೆ ಮೊಣಕಾಲು ನೀರಿನಲ್ಲಿ ಆಪು, ಜೇಕು. ಕೊನೆಗೆ ದನ ಮೇಯುವ ಹುಲ್ಲು. ಒಂದೇ ಕೆರೆಯಲ್ಲಿ ನಾಲ್ಕು ಅಂತಸ್ತು. ಮರಲ್ ಹೊಂಚುವುದು ಎರಡನೆಯದರಲ್ಲಿ, ಮರಿ ಮಾಡುವುದು ಮೂರನೆಯದರಲ್ಲಿ.

ಇನ್ನೊಂದು ಸಂಗತಿ ನಕ್ಷೆಯಲ್ಲಿ ಕಾಣುವುದಿಲ್ಲ, ಪಂಚಾಂಗದಲ್ಲಿ ಕಾಣುತ್ತದೆ. ನಮ್ಮ ಸಣ್ಣ ಕೆರೆಗಳು ಬೇಸಿಗೆಯಲ್ಲಿ ಒಣಗುತ್ತವೆ. ಮಳೆಗೆ ತುಂಬಿ, ತೂಬಿನಿಂದ ಬೆಳೆಗೆ ಹರಿದು, ಏಪ್ರಿಲ್-ಮೇ ಹೊತ್ತಿಗೆ ಕೆರೆ ಅಂಗಳ ಬಿರುಕು ಬಿಡುತ್ತದೆ. ದನ ಓಡಾಡುತ್ತವೆ, ರೈತರು ಹೂಳು ಹೊಲಕ್ಕೆ ಹೊರುತ್ತಾರೆ. ತೇಲುವ ಕಳೆ ಸುಟ್ಟುಹೋಗುತ್ತದೆ. ತಾವರೆಯ ಗೆಡ್ಡೆ ಕೆಸರಿನಲ್ಲಿ ಕಾಯುತ್ತದೆ. ಮರಲ್ ಕೊನೆಯ ಗುಂಡಿಯ ಕೆಸರಲ್ಲಿ ಗಾಳಿ ಕುಡಿಯುತ್ತ ಮಳೆಗೆ ಕಾಯುತ್ತದೆ. ಚಿಕ್ಕವನಿದ್ದಾಗ ಈ ಒಣಗಿದ ಕೆರೆ ನೋಡಿ ನನಗೆ ನಾಚಿಕೆ ಆಗುತ್ತಿತ್ತು. ಮೈಸೂರಿನ ಕಡೆಯ ತುಂಬಿದ ಕೆರೆಗಳ ಫೋಟೋ ಮುಂದೆ ನಮ್ಮದು ಬಡತನ ಅನ್ನಿಸುತ್ತಿತ್ತು. ಒಣಗುವುದೂ ಕೆರೆಯ ಕೆಲಸವೇ ಅಂತ ಗೊತ್ತಾಗಲು ನಾನು ಫ್ಲಾರಿಡಾದ ಕಥೆ ಓದಬೇಕಾಯಿತು.

*

ಅಮೆರಿಕದ ಬಾಸ್ ಗಾಳಿಗರು ಅತಿ ಹೆಚ್ಚು ಹೊಗಳುವ, ಅತಿ ಹೆಚ್ಚು ಜಗಳವಾಡುವ ಕಳೆಯ ಹೆಸರು ಹೈಡ್ರಿಲ್ಲಾ. ನೀರೊಳಗೆ ಉದ್ದ ದಂಟು, ಸುತ್ತ ನಕ್ಷತ್ರದ ಹಾಗೆ ಸಣ್ಣ ಎಲೆ. ಬೆಂಗಳೂರಿನ ಅಕ್ವೇರಿಯಂ ಅಂಗಡಿಗಳಲ್ಲಿ ನೀವು ನೋಡಿರುತ್ತೀರಿ. ನಮ್ಮೂರಲ್ಲಿ ಇದಕ್ಕೂ ಪಾಚಿ ಅಂತಲೇ ಅನ್ನುತ್ತಾರೆ. ಇದು ನಮ್ಮ ಕೆರೆಗಳ ಹಳೇ ಒಕ್ಕಲು.

1950ರ ದಶಕದ ಆರಂಭದಲ್ಲಿ ಫ್ಲಾರಿಡಾದ ಟ್ಯಾಂಪಾದ ಅಕ್ವೇರಿಯಂ ವ್ಯಾಪಾರಿಯೊಬ್ಬರು ಇದನ್ನು ಶ್ರೀಲಂಕಾದಿಂದ ತರಿಸಿದರು. 1960ರ ಹೊತ್ತಿಗೆ ಅದು ಅಲ್ಲಿನ ಕಾಲುವೆ, ಹೊಳೆಗಳಲ್ಲಿ ತಾನೇ ತಾನಾಗಿ ಬೆಳೆಯುತ್ತಿತ್ತು. ಒಂದು ಗೆಣ್ಣು ಮುರಿದು ತೇಲಿಹೋದರೂ ಅಲ್ಲೇ ಚಿಗುರುತ್ತದೆ. ಮಣ್ಣೊಳಗಿನ ಸಣ್ಣ ಗೆಡ್ಡೆ ವರ್ಷಗಟ್ಟಲೆ ಕಾಯುತ್ತದೆ. ಅಲ್ಲಿನ ಸರೋವರಗಳನ್ನೇ ಅದು ಮುಚ್ಚಿತು. 1997ರಲ್ಲಿ ವಿಜ್ಞಾನಿಗಳು ಜಗತ್ತಿನ ಬೇರೆ ಬೇರೆ ಕಡೆಯ ಹೈಡ್ರಿಲ್ಲಾದ ಡಿಎನ್‌ಎ ಹೋಲಿಸಿ ನೋಡಿದಾಗ, ಫ್ಲಾರಿಡಾದ ತಳಿಗೆ ಅತಿ ಹತ್ತಿರ ಬಂದದ್ದು ಯಾವುದು ಗೊತ್ತೇ? ಬೆಂಗಳೂರಿನ ಮಾದರಿ! ಐಟಿಯವರಿಗಿಂತ ಮೊದಲೇ ನಮ್ಮ ಕೆರೆಕಳೆ ಅಮೆರಿಕದಲ್ಲಿ ಸೆಟಲ್ ಆಗಿತ್ತು.

ಹೈಡ್ರಿಲ್ಲಾ ಬಂದ ಮೊದಲ ವರ್ಷಗಳಲ್ಲಿ ಬಾಸ್ ಗಾಳಿಗರಿಗೆ ಹಬ್ಬ. ಮರಿಗಳಿಗೆ ಅಡಗುದಾಣ, ದೊಡ್ಡ ಮೀನಿಗೆ ಹೊಂಚಿನ ಜಾಗ. ಆಮೇಲೆ ಅತಿಯಾಯಿತು. 1980ರಲ್ಲಿ ಕೋಲ್ ಮತ್ತು ಶೈರ್‌ಮನ್ ಎಂಬ ಇಬ್ಬರು ವಿಜ್ಞಾನಿಗಳು ಫ್ಲಾರಿಡಾದ ಸರೋವರಗಳ ಬಾಸ್ ಮೀನುಗಳನ್ನು ಅಳೆದು ತೂಗಿ ಬರೆದದ್ದು ಇಷ್ಟು: ಹೈಡ್ರಿಲ್ಲಾ ಸರೋವರದ ಶೇ. 30ಕ್ಕಿಂತ ಹೆಚ್ಚು ಭಾಗ ಆವರಿಸಿದರೆ ದೊಡ್ಡ ಬಾಸ್‌ಗಳು ಸೊರಗುತ್ತವೆ. ಬೇಟೆ ಕಣ್ಣಿಗೆ ಬಿದ್ದರೂ ಬಾಯಿಗೆ ಸಿಗುವುದಿಲ್ಲ.

ಹಾಗಾದರೆ ಕಿತ್ತು ಬಿಸಾಕಿದರೆ ಆಯಿತಲ್ಲ? ಟೆಕ್ಸಾಸಿನ ಕಾನ್ರೋ ಸರೋವರದಲ್ಲಿ ಅದನ್ನೂ ಮಾಡಿ ನೋಡಿದರು. 1981-82ರಲ್ಲಿ ಸುಮಾರು 2.7 ಲಕ್ಷ ಹುಲ್ಲುಗೆಂಡೆ ಮೀನು ಬಿಟ್ಟರು. ಎರಡೇ ವರ್ಷದ ಸುಮಾರಿಗೆ ಹೈಡ್ರಿಲ್ಲಾದ ಜೊತೆ ಉಳಿದ ನೀರಗಿಡಗಳೂ ಖಾಲಿ. ಈ ಸಲ ಸಿಟ್ಟಾದದ್ದು ಗಾಳಿಗರು.

ಫ್ಲಾರಿಡಾದವರು ನಮ್ಮ ಕಡೆಯಿಂದ ಒಂದು ಹುಳವನ್ನೂ ಒಯ್ದರು. ಭಾರತ, ಪಾಕಿಸ್ತಾನಗಳಲ್ಲಿ ಹೈಡ್ರಿಲ್ಲಾದ ಗೆಡ್ಡೆ ತಿಂದು ಬದುಕುವ ಮೂತಿಹುಳ ಅದು, ಹೆಸರು ಬಾಗಸ್ ಅಫಿನಿಸ್. 1987ರಲ್ಲಿ ಅಲ್ಲಿ ಬಿಟ್ಟರು. ನೆಲೆ ನಿಲ್ಲಲಿಲ್ಲ. ಯಾಕಂದ್ರೆ ಆ ಹುಳಕ್ಕೆ ಕೆರೆ ಒಣಗಬೇಕು. ನೀರು ಇಳಿದು ತಳದ ಮಣ್ಣು ಬಿರಿದಾಗಲೇ ಗೆಡ್ಡೆ ಅದಕ್ಕೆ ಸಿಗುವುದು. ಫ್ಲಾರಿಡಾದ ಸರೋವರಗಳು ನಮ್ಮ ಕೆರೆಗಳ ಹಾಗೆ ವರ್ಷಾ ವರ್ಷಾ ಒಣಗುವುದಿಲ್ಲ.

ಇದನ್ನು ಓದಿದ ದಿನ ನನಗೆ ನಮ್ಮೂರಿನ ಮೇ ತಿಂಗಳ ಕೆರೆ ಅಂಗಳ ಕಣ್ಣ ಮುಂದೆ ಬಂತು. ನಾನು ಬಡತನ ಅಂದುಕೊಂಡಿದ್ದ ಆ ಬಿರುಕುಗಳಲ್ಲಿ ಇಂಥ ಕೆಲಸ ನಡೆಯುತ್ತದೆ. ಅದೇ ಗಿಡ, ಒಂದು ಕಡೆ ಸಭ್ಯ ಒಕ್ಕಲು, ಇನ್ನೊಂದು ಕಡೆ ಪೀಡೆ. ಬೇಸಿಗೆ ಇದ್ದದ್ದು, ಇಲ್ಲದ್ದು, ಅಷ್ಟೇ ವ್ಯತ್ಯಾಸ ಅನ್ನಲಾರೆ. ಆದರೆ ಅದು ಸಣ್ಣ ವ್ಯತ್ಯಾಸವಂತೂ ಅಲ್ಲ.

*

ಈಗ ನಾನು ನೋಡಿದ ಮೂರು ನೀರಿನ ಮಾತು.

ಮೊದಲನೆಯದು ಯಾದಗಿರಿ ಹತ್ತಿರದ ಭೀಮೆ. ಹೊಳೆ ಹರಿಯುವಾಗ ಕಳೆ ಬೇರೂರಲು ಬಿಡುವುದಿಲ್ಲ, ಪ್ರತಿ ಮಳೆಗಾಲ ಗುಡಿಸಿ ಒಯ್ಯುತ್ತದೆ. ಆದರೆ ಗುರುಸಣಗಿಯ ಬ್ಯಾರೇಜಿನ ಹಾಗೆ ಕಟ್ಟಿ ನಿಲ್ಲಿಸಿದ ಕಡೆ ಹೊಳೆಯೂ ಅರ್ಧ ಕೆರೆಯೇ. ಆ ದಿನ ಕೆಂಪು ನೀರು, ಕಪ್ಪೆ ಎಸೆಯುವುದೇ ವ್ಯರ್ಥ. ಚಹಾ ಕುಡಿದು ವಾಪಸ್ ಬಂದೆ.

ಎರಡನೆಯದು ಶಹಾಪುರದ ಕಡೆ, ಮಲಗಿದ ಬುದ್ಧನ ಗುಡ್ಡ ದೂರಕ್ಕೆ ಕಾಣುವ ಒಂದು ತಗ್ಗು. ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿದ ಮೇಲೆ ಎಡದಂಡೆ ಕಾಲುವೆ ನಮ್ಮ ಸೀಮೆಯ ಬಣ್ಣವನ್ನೇ ಬದಲಿಸಿತು. ಜೋಳ-ತೊಗರಿಯ ನೆಲಕ್ಕೆ ಭತ್ತ ಬಂತು. ಅದನ್ನು ನಾನು ಹಳಿಯಲಾರೆ. ನನ್ನ ಕಾಲೇಜಿನ ಫೀಸು ಕಟ್ಟಿದ್ದು ಆ ಭತ್ತವೇ. ಆದರೆ ಗದ್ದೆಯ ಬಸಿನೀರು ತಗ್ಗಿಗೆ ಇಳಿದು ನಿಲ್ಲುತ್ತದೆ, ಜೊತೆಗೆ ಗೊಬ್ಬರದ ಸಾರವೂ. ನಾನು ನೋಡಿದ ತಗ್ಗಿನಲ್ಲಿ ಆಳೆತ್ತರದ ಆಪು ಗೋಡೆಯ ಹಾಗೆ ನಿಂತಿತ್ತು. ನೀರು ಕಾಣಿಸಿದ ಕಡೆ ನೇರಳೆ ಹೂವಿನ ತೇಲುಕಳೆ. ಜನ ಅದಕ್ಕೂ ಅಂತರಗಂಗೆ ಅನ್ನುತ್ತಾರೆ, ಆದರೆ ಹಳೇ ಅಂತರಗಂಗೆ ಬೇರೆ, ಅದು ಸಣ್ಣ ಎಲೆಕೋಸಿನ ಹಾಗಿರುತ್ತದೆ. ಈ ನೇರಳೆ ಹೂವಿನದು ದಕ್ಷಿಣ ಅಮೆರಿಕದಿಂದ 19ನೇ ಶತಮಾನದ ಕೊನೆಗೆ ಬಂಗಾಳಕ್ಕೆ ಬಂದು ದೇಶವೆಲ್ಲ ಹಬ್ಬಿದ್ದು. ಅಂಚೇ ಇಲ್ಲದ ಕಳೆ. ರಬ್ಬರ್ ಕಪ್ಪೆ ಅದರ ಮೇಲೆ ಬಿದ್ದು ಒಣಗಿತು.

ಮೂರನೆಯದು ನಮ್ಮೂರ ಪಕ್ಕದ ಕೆರೆ. ಹೆಸರು ಬೇಡ. ನನ್ನ ಬಾಲ್ಯದಲ್ಲಿ ಅದರ ಹಿಂಬದಿಯಲ್ಲಿ ತಾವರೆ ಇತ್ತು. ಈಗ ಅದು 'ಅಭಿವೃದ್ಧಿ' ಆಗಿದೆ. ಜೆಸಿಬಿ ಬಂದು ಹಿಂಬದಿಯ ತೆಳುನೀರನ್ನೆಲ್ಲ ಅಗೆದು ಒಂದೇ ಆಳ ಮಾಡಿವೆ. ಸುತ್ತ ಕಲ್ಲು ಕಟ್ಟಿ ವಾಕಿಂಗ್ ಪಾತ್ ಮಾಡಿದ್ದಾರೆ. ಫೋಟೋಗೆ ಬಹಳ ಚೆಂದ. ಒಂದು ಕಡ್ಡಿ ಕಳೆ ಇಲ್ಲ. ದಡದಲ್ಲಿ ಕೂತಿದ್ದ ಹುಡುಗರು, "ಮರಲ್ ಇಲ್ರಿ ಅಣ್ಣಾ, ಗುತ್ತಿಗೆಯವ್ರು ಕಾಟ್ಲಾ, ರೋಹು ಬಿಟ್ಟಾರ" ಅಂದರು.

ಇದಕ್ಕೂ ಒಂದು ಇತಿಹಾಸವಿದೆ. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧರಿ ಮತ್ತು ಕೆ.ಎಚ್. ಅಲಿಕುಂಞಿ ಹಾರ್ಮೋನ್ ಚುಚ್ಚಿ ಗೆಂಡೆ ಜಾತಿಯ ಮೀನುಗಳಿಗೆ ಮರಿ ಮಾಡಿಸಿದರು. ಆ ದಿನವನ್ನೇ ಈಗ ರಾಷ್ಟ್ರೀಯ ಮೀನು ಕೃಷಿಕರ ದಿನ ಅಂತ ಆಚರಿಸುತ್ತಾರೆ. 1959ರಲ್ಲಿ ಕಳೆ ತಿನ್ನಲೆಂದೇ ಹಾಂಗ್‌ಕಾಂಗ್‌ನಿಂದ ಹುಲ್ಲುಗೆಂಡೆ ಬಂತು. ಹೊಳೆಯಲ್ಲಿ ಮರಿ ಹುಡುಕುವ ಕಷ್ಟ ತಪ್ಪಿತು, ಊರೂರ ಕೆರೆಗೆ ಮೀನು ಬಂತು, ಬಡವರ ತಟ್ಟೆಗೂ ಬಂತು. ದೊಡ್ಡ ಸಾಧನೆ, ಅನುಮಾನವೇ ಇಲ್ಲ. ಆದರೆ ಆ ಪದ್ಧತಿಯ ಕೈಪಿಡಿಗಳಲ್ಲಿ ಮೊದಲ ಹೆಜ್ಜೆಯೇ ಇದು: ಮರಿ ಬಿಡುವ ಮೊದಲು ಕೊಳದ ಕಳೆ ತೆಗೆಯಿರಿ, ಇಪ್ಪೆ ಹಿಂಡಿ ಹಾಕಿ ಮರಲ್‌ನಂಥ ಕೊಲ್ಲುಮೀನುಗಳನ್ನು ನಿವಾರಿಸಿ. ಸಂತೆಯಲ್ಲಿ ಅತಿ ಹೆಚ್ಚು ಬೆಲೆಯ ಮೀನು ಪುಸ್ತಕದಲ್ಲಿ ಶತ್ರುಗಳ ಪಟ್ಟಿಯಲ್ಲಿದೆ. ಸಾಕಣೆ ಕೊಳಕ್ಕೆ ಆ ಮಾತು ಸರಿ. ಊರ ಕೆರೆಯನ್ನೂ ಸಾಕಣೆ ಕೊಳ ಅಂದುಕೊಂಡಾಗ ತೊಂದರೆ ಶುರು.

*

ಕೊನೆಯ ದಿನ ಬೆಳಿಗ್ಗೆ ಕಾಕಾ ತಾವೇ ಬೈಕಿನಲ್ಲಿ ಕೂರಿಸಿಕೊಂಡು ಹೋದರು. ಗುಡ್ಡದ ಬುಡದ ಒಂದು ಸಣ್ಣ ಕೆರೆ, ಕಾಲುವೆಗಿಂತ ಎತ್ತರದಲ್ಲಿದೆ, ಹಾಗಾಗಿ ಮಳೆ ನೀರು ಮಾತ್ರ. ನೈದಿಲೆ ಎಲೆಗಳ ನಡುವೆ ಅಲ್ಲಲ್ಲಿ ತಿಳಿನೀರಿನ ಕಿಟಕಿ. ಹಿಂದೆ ಜೇಕು. ನನ್ನ ಕೈ ತುರಿಸತೊಡಗಿತು. ಎಲೆಯ ಮೇಲೆ ಕಪ್ಪೆ ಬೀಳಿಸಿ, ಮೆಲ್ಲಗೆ ಎಳೆದು ಕಿಟಕಿಯ ಅಂಚಿಗೆ ತಂದು ನಿಲ್ಲಿಸಿದೆ. ವಿಡಿಯೋದಲ್ಲಿ ಹೇಳಿದ ಹಾಗೇ. ಏನೂ ಆಗಲಿಲ್ಲ. ನಾಲ್ಕನೇ ಸಲ ಜೇಕಿನ ಪಕ್ಕ ನೀರು ಸ್ವಲ್ಪ ಕೆಂಪಾಗಿ ನಡುಗಿದ್ದು ಕಂಡಿತು. ಮೀನಿರಬೇಕು ಅಂತ ಅಲ್ಲಿಗೇ ಎಸೆದೆ.

ನೀರು ಸಿಡಿಯಿತು. ಕೋಲು ಬಾಗಿತು. ಎರಡು ನಿಮಿಷದಲ್ಲಿ ಮುಂಗೈಯಷ್ಟು ದಪ್ಪನೆಯ ಮರಲ್ ದಂಡೆಯ ಹುಲ್ಲಿನ ಮೇಲಿತ್ತು. ನಾನು ಫೋನು ತೆಗೆದೆ. ಕಾಕಾ ಮೀನು ನೋಡಲಿಲ್ಲ, ನೀರು ನೋಡುತ್ತಿದ್ದರು.

"ಮಕ್ಕಳ ಮುಂದ ಎಳದೆಲ್ಲೋ."

ಆಗ ತಿರುಗಿ ನೋಡಿದೆ. ಆ ಕೆಂಪು ನಡುಕ ಮರಿಗಳದ್ದು. ನೂರಾರು. ಮೀನು ಕಪ್ಪೆಯ ಮೇಲೆ ಎಗರಿದ್ದು ಹಸಿವಿಗಲ್ಲ, ಕಾವಲಿಗೆ. ಮರಿಗಳ ಮೋಡ ಆಗಲೇ ಹರಡಿಕೊಂಡಿತ್ತು, ಅದರ ಅಂಚಿನಲ್ಲಿ ಬೇರೆ ಸಣ್ಣ ಮೀನುಗಳು ಟಪಟಪ ಮೇಲೇಳುತ್ತಿದ್ದವು. ಗಾಳ ದವಡೆಯಲ್ಲಿ ಸಿಕ್ಕಿಕೊಂಡಿತ್ತು. ಬಿಡಿಸುವಾಗ ನನ್ನ ಕೈ ನಡುಗಿ ಇನ್ನಷ್ಟು ಹೊತ್ತಾಯಿತು. ಕಾಕಾ ಇಸ್ಕೊಂಡು ಒಂದೇ ಸಲಕ್ಕೆ ಬಿಡಿಸಿ, ಮೀನನ್ನು ಜೇಕಿನ ಕಡೆ ಮುಖ ಮಾಡಿಸಿ ನೀರಿಗೆ ಬಿಟ್ಟರು. ಅದು ಮರಿಗಳ ಕೆಳಗೆ ಹೋಗಿ ನಿಂತಿತೋ, ಹೆದರಿ ಆಳಕ್ಕೆ ಹೋಯಿತೋ, ನೀರು ಕಲಕಿದ್ದರಿಂದ ಕಾಣಲಿಲ್ಲ. ಫೋಟೋ ತೆಗೆಯಲಿಲ್ಲ.

"ಶ್ರಾವಣದಾಗ ಮೀನ ಯಾಕ ತಿನ್ನಲ್ಲ ಗೊತ್ತದ ಏನು?" ಅಂದರು ಕಾಕಾ ವಾಪಸ್ ಬರುವಾಗ.

"ದೇವರಿಗೆ."

"ದೇವ್ರಿಗೂ ಹೌದು."

ಅಷ್ಟೇ. ಶ್ರಾವಣದ ಪಥ್ಯ ಹುಟ್ಟಿದ್ದೇ ಮೀನಿಗಾಗಿ ಅಂತ ನಾನು ಹೇಳಲು ಹೊರಟಿಲ್ಲ. ಮರಲ್ ಮರಿ ಕಾಯುವ ತಿಂಗಳಲ್ಲಿ ನಮ್ಮ ಮನೆಯ ಬಾಣಲೆ ಖಾಲಿ ಇರುತ್ತದೆ ಅನ್ನುವುದು ಮಾತ್ರ ನಿಜ.

*

ಗೆಳೆಯನಿಗೆ ಉತ್ತರ ಕೊಡಬೇಕಿತ್ತಲ್ಲ. ಕಾಕಾ ಹೇಳಿದ್ದು, ನಾನು ಓದಿದ್ದು ಎರಡನ್ನೂ ಸೇರಿಸಿ ಹೀಗೆ ಹೇಳಿದೆ.

ಹೊಂಚಿಗೆ ನೈದಿಲೆ, ತಾವರೆ ಎಲ್ಲಕ್ಕಿಂತ ಮೇಲು. ಎಲೆ ಮೇಲೆ ನೆರಳು ಕೊಡುತ್ತದೆ, ಕೆಳಗೆ ದಂಟುಗಳ ನಡುವೆ ಮೀನು ಓಡಾಡಲು ಜಾಗ ಬಿಡುತ್ತದೆ. ಆಪು, ಜೇಕು ದಂಡೆಯಲ್ಲಿ ಬೇಕು, ಆದರೆ ಮಳೆಗಾಲದಲ್ಲಿ ಅದು ಬಾಣಂತಿ ಕೋಣೆ, ಅಲ್ಲಿ ಗಾಳ ಹಾಕಬಾರದು. ನೀರು ಕೆಂಪಗೆ ನಡುಗಿದರೆ ಕೋಲು ಮಡಚಿಕೊಂಡು ಮನೆಗೆ ಹೋಗಬೇಕು. ಹೈಡ್ರಿಲ್ಲಾ ನೀರಿನ ಮೇಲ್ಮೈಗೆ ಇನ್ನೂ ಬಂದಿಲ್ಲದಿದ್ದರೆ ಒಳ್ಳೇದು, ಕೆರೆಯ ಮೂರರಲ್ಲೊಂದು ಭಾಗ ದಾಟಿದರೆ ಕೆಟ್ಟದ್ದು. ನೇರಳೆ ಹೂವಿನದು ಒಂದು ಬುಟ್ಟಿ ಕಂಡಾಗಲೇ ಕಿತ್ತು ದಂಡೆಗೆ ಹಾಕಬೇಕು. ಅದು ಬೆಳಕನ್ನೇ ಮುಚ್ಚುತ್ತದೆ, ಕೆಳಗಿನ ಗಿಡ ಸಾಯುತ್ತವೆ.

"ಅಂದ್ರೆ ನೈದಿಲೆ ಬೆಸ್ಟ್" ಅಂದ ಅವನು, ಫೋನಿನಲ್ಲಿ ಟೈಪ್ ಮಾಡಿಕೊಳ್ಳುತ್ತ.

ಅವನಿಗೆ ಅಷ್ಟು ಸಾಕಿತ್ತು.

ನನಗೆ ಸಾಕಾಗಲಿಲ್ಲ. ನೈದಿಲೆ ತಂದು ನೆಟ್ಟರೆ ಮರಲ್ ಬರುವುದಿಲ್ಲ. ನೈದಿಲೆಗೆ ತೆಳುನೀರು ಬೇಕು, ತೆಳುನೀರಿಗೆ ಕೆರೆಯ ಹಿಂಬದಿ ಇಳಿಜಾರಾಗಿರಬೇಕು, ಕಳೆ ಹದ್ದುಬಸ್ತಿನಲ್ಲಿರಲು ಬೇಸಿಗೆ ಬರಬೇಕು. ಬೋನಾಳ ಕಟ್ಟಿದವರು ಮೀನಿಗಾಗಿ ಕಟ್ಟಲಿಲ್ಲ, ಬೆಳೆಗಾಗಿ ಕಟ್ಟಿದರು. ಆದರೆ ಅವರು ನೆಲದ ಇಳಿಜಾರನ್ನು ಹಾಗೇ ಬಿಟ್ಟರು, ಉಳಿದದ್ದು ತಾನೇ ಆಯಿತು. ನಾವು ಈಗ ಕೆರೆ ಉಳಿಸುತ್ತೇವೆ ಅಂತ ಹೊರಟಾಗ ಮೊದಲು ಅಗೆಯುವುದೇ ಆ ಇಳಿಜಾರನ್ನು.

ಬೆಂಗಳೂರಿನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಕೆರೆಯ ಬಗ್ಗೆ ಮೊನ್ನೆ ವಾಟ್ಸಾಪ್ ಗುಂಪಿನಲ್ಲಿ ಚರ್ಚೆಯಾಯಿತು. ಕಳೆ ಪೂರ್ತಿ ತೆಗೆಸೋಣ, ಅಂಚಿಗೆ ಕಲ್ಲು ಕಟ್ಟಿಸೋಣ ಅಂತ ಒಬ್ಬರು ಬರೆದರು. ಮೂವತ್ತು ಥಂಬ್ಸ್ ಅಪ್ ಬಂದವು. ನಾನು ಮೊದಲ ಸಲ ಆ ಗುಂಪಿನಲ್ಲಿ ಉದ್ದ ಮೆಸೇಜು ಹಾಕಿದೆ: ನೇರಳೆ ಹೂವಿನದನ್ನು ಪೂರ್ತಿ ತೆಗೆಸಿ, ಜೊಂಡನ್ನು ಅರ್ಧ ಬಿಡಿ, ಒಂದು ದಂಡೆಗಾದರೂ ಕಲ್ಲು ಬೇಡ. ಯಾಕೆ ಅಂತ ಒಬ್ಬರು ಕೇಳಿದರು.

ಭಾನುವಾರ ಬೆಳಿಗ್ಗೆ ಬನ್ನಿ, ಹೋಗಿ ನೋಡೋಣ ಅಂದಿದ್ದೇನೆ. ರಬ್ಬರ್ ಕಪ್ಪೆ ತರುವುದಿಲ್ಲ.